ಭಾನುವಾರ ನಾನು ಇಲ್ಲೇ ಇರುತ್ತೇನೆ

ಪೋಲಿಷ್ ನಾಡಿನ ಲುಬ್ಲಿನ್ ಊರಿನ ಏಳನೇ ನಂಬರ್ ಹಾಸ್ಟೆಲಿನಲ್ಲಿ ಇದ್ದುಹೋದವರನ್ನು ಯಾರನ್ನೇ ಕೇಳಿ. ಪಾಠ ಹೇಳಿದ ಪ್ರೊಫೆಸರುಗಳ ಹೆಸರು ಮರೆತಿರಬಹುದು, ಲೋನ್ಯಾಳ ಹೆಸರು ಮರೆತಿರುವುದಿಲ್ಲ. ಪೂರ್ತಿ ಹೆಸರು ಲೊಂಗಿನಾ ಸಾವ್ಚುಕ್. ಹಾಗೆ ಕರೆಯುವುದು ಸಂಬಳದ ಚೀಟಿ ಒಂದೇ. ಹುಡುಗರಿಗೆಲ್ಲ ಆಕೆ ‘ಪಾನಿ ಲೋನ್ಯಾ’. ದೊಡ್ಡವರ ಹೆಸರಿನ ಹಿಂದೆ ಮರ್ಯಾದೆಗೆ ‘ಪಾನಿ’ ಸೇರಿಸದೆ ಕರೆದವರಿಗೆ ಆಕೆ ಕೀಲಿಕೈ ಕೊಟ್ಟದ್ದಿಲ್ಲ. ಮುಂಬಾಗಿಲ ಪಕ್ಕದ ಗಾಜಿನ ಕಿಟಕಿಯ ಹಿಂದೆ, ಕೀಲಿಕೈಗಳ ಹಲಗೆಗೆ ಬೆನ್ನು ಕೊಟ್ಟು, ಮೂವತ್ತೊಂದು ವರ್ಷ ಕೂತಿದ್ದಾಳೆ.

ಕಿಟಕಿಗೆ ಯಾರೇ ಬರಲಿ, ಆಕೆಯ ಮೊದಲ ಮಾತು ಒಂದೇ: “ಕೋಣೆ ನಂಬರ್?” ಐದು ವರ್ಷದಿಂದ ದಿನಾ ನೋಡುತ್ತಿರುವ ಮುಖವಾದರೂ ಸರಿ, ಕೇಳದೆ ಬಿಡುವುದಿಲ್ಲ. ಹಾಗೆಂದು ಆಕೆಗೆ ಮರೆವಿದೆ ಎಂದುಕೊಂಡರೆ ಕೆಟ್ಟಿರಿ. ಮೂವತ್ತೊಂದು ವರ್ಷದಲ್ಲಿ ಬಂದುಹೋದ ಮಕ್ಕಳನ್ನೆಲ್ಲ ಕೋಣೆ ನಂಬರು ಮತ್ತು ಮಾಡಿದ ಪಾಪ ಎರಡನ್ನೂ ಸೇರಿಸಿ ನೆನಪಿಟ್ಟಿದ್ದಾಳೆ. ನೂರಹದಿನೇಳು, ಸ್ನಾನದ ತೊಟ್ಟಿಯಲ್ಲಿ ಬಾತುಕೋಳಿ ಸಾಕಿದವನು. ಮುನ್ನೂರ ಎರಡು, ಪರದೆಗೆ ಬೆಂಕಿ ಹಚ್ಚಿಕೊಂಡವಳು, ಈಗ ಜಿಲ್ಲಾ ನ್ಯಾಯಾಧೀಶೆ.

ಲೋನ್ಯಾ ಓದಿದ್ದು ಕಡಿಮೆ. ಲಾರಿ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದವಳು, ಕಾರ್ಖಾನೆ ಜನರನ್ನು ಮನೆಗೆ ಕಳಿಸಿದಾಗ, ಬೇರೆ ಕೆಲಸ ಸಿಗುವ ತನಕ ಮೂರು ತಿಂಗಳ ಮಟ್ಟಿಗೆಂದು ಇಲ್ಲಿಗೆ ಬಂದಳು. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ. “ವಿಶ್ವವಿದ್ಯಾಲಯದಲ್ಲಿ ನನ್ನಷ್ಟು ವರ್ಷ ಇದ್ದವರು ಯಾರೂ ಇಲ್ಲ, ಒಂದು ಪಾಠಕ್ಕೂ ಕೂರದೆ” ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಾಳೆ. ಬಸ್ಸು ಓಡಿಸಿ ನಿವೃತ್ತನಾದ ಗಂಡ ವಿಟೋಲ್ಡನದು ಬೇರೆ ದೂರು. “ಅದು ನಿನ್ನ ಮನೆ ಕಣೇ. ಇಲ್ಲಿಗೆ ನೀನು ನೆಂಟಳ ಹಾಗೆ ಬಂದು ಹೋಗ್ತೀಯ” ಎನ್ನುತ್ತಾನೆ. “ಅಲ್ಲಿ ನಾನು ಕೆಲಸ ಮಾಡ್ತೀನಿ, ವಾಸ ಮಾಡಲ್ಲ” ಎಂದು ಆಕೆ ಪ್ರತಿಸಲ ಸಿಡುಕುತ್ತಾಳೆ. ಮೂವತ್ತೊಂದು ವರ್ಷದಿಂದ ಇದೇ ಜಗಳ, ಇಬ್ಬರಿಗೂ ಬೇಸರವಾಗಿಲ್ಲ.

ವರ್ಷವಿಡೀ ಹೀಗೆ ನಡೆಯುವ ಲೋನ್ಯಾಳ ಬದುಕಿನಲ್ಲಿ ಹಬ್ಬವೆಂದರೆ ಐದು ವರ್ಷಕ್ಕೊಮ್ಮೆ ಬರುವ ರಾಷ್ಟ್ರಾಧ್ಯಕ್ಷರ ಚುನಾವಣೆ. ಹಾಸ್ಟೆಲಿನ ಟೀವಿ ಕೋಣೆಯಲ್ಲೇ ಮತಗಟ್ಟೆ. ಹಿಂದಿನ ದಿನವೇ ಪಿಂಗ್‌ಪಾಂಗ್ ಮೇಜನ್ನು ಮಡಚಿ ಗೋಡೆಗೆ ನಿಲ್ಲಿಸಿ, ಉದ್ದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಗೋಡೆಯ ಮೇಲಿನ ಬಿಳಿ ಹದ್ದಿನ ರಾಷ್ಟ್ರಲಾಂಛನದ ಧೂಳು ಒರೆಸುವುದು ಆಕೆಯ ಕೆಲಸ. ಗುಟ್ಟಾಗಿ ಗುರುತು ಹಾಕುವ ಮರೆಗಳಿಗೆ ಕಿತ್ತಳೆ ಹೂವಿನ ಪರದೆ ಹೊಲಿದವಳೂ ಆಕೆಯೇ, ಮೊದಲ ಸಲದ ಚುನಾವಣೆಯಲ್ಲಿ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮೆರೂನ್ ಬಣ್ಣದ ಕೋಟು ತೊಟ್ಟು ಹೋಗಿ, ಪೆಟ್ಟಿಗೆಗೆ ಮೊದಲನೆಯ ಓಟು ಹಾಕಿ ಬರುವಳು. ಪೌರಸಭೆಯಿಂದ ಒಂದು ಚೀಟಿ ತಂದರೆ ಎಲ್ಲಿ ಬೇಕಾದರೂ ಓಟು ಹಾಕಬಹುದು. ಆ ಚೀಟಿ ಹಿಡಿದು ಬಂದವರ ಹೆಸರನ್ನು ಪಟ್ಟಿಯ ಕೊನೆಯ ಹಾಳೆಯಲ್ಲಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಅಲ್ಲಿ ಆಕೆಯದೇ ಮೊದಲ ಹೆಸರು. ಯಾರಿಗೆ ಹಾಕಿದಳೆಂದು ಗಂಡನಿಗೂ ಗೊತ್ತಿಲ್ಲ, ಗಂಡ ಯಾರಿಗೆ ಹಾಕುತ್ತಾನೆಂದು ಆಕೆಗೆ ಗೊತ್ತು. ಸಂಸಾರ ಚೆನ್ನಾಗಿ ನಡೆದಿರುವುದು ಅದರಿಂದಲೇ ಇರಬೇಕು.

ಆ ಓಟಿನ ಸಾಲಿನಲ್ಲಿ ನಿಲ್ಲುವುದೆಂದರೆ ಆಕೆಗೆ ಯಾಕಷ್ಟು ಪ್ರೀತಿಯೆಂದು ನನಗೆ ಗೊತ್ತು. ಮಿಕ್ಕ ದಿನಗಳಲ್ಲಿ ಮಕ್ಕಳು ಗಾಜಿನ ಆಚೆ, ಆಕೆ ಈಚೆ. ಅವತ್ತೊಂದು ದಿನ ಎಲ್ಲರೂ ಒಂದೇ ಕಡೆ. ನಾಳೆಯ ಡಾಕ್ಟರು, ನಾಳೆಯ ಲಾಯರು ಆಕೆಯ ಬೆನ್ನ ಹಿಂದೆ ಆಕಳಿಸುತ್ತ ನಿಂತಿರುತ್ತಾರೆ, ಒಬ್ಬೊಬ್ಬರಿಗೆ ಒಂದೇ ಓಟು. ಆ ಹೊತ್ತಿಗೆ ಲೋನ್ಯಾಳಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಯಾರ ಮುಂದೆಯೂ ಸಂಕೋಚವಿಲ್ಲ. ಐದು ವರ್ಷದ ಹಿಂದೆ ಸಾಂಕ್ರಾಮಿಕ ರೋಗದ ಕಾಲದಲ್ಲಿ ಹಾಸ್ಟೆಲು ಖಾಲಿಯಾಗಿತ್ತು, ಮತಗಟ್ಟೆ ಇರಲಿಲ್ಲ. ಮನೆಯ ಹತ್ತಿರದ ಶಾಲೆಯಲ್ಲಿ ಓಟು ಹಾಕಿ ಬಂದು, “ಯಾರದೋ ಮದುವೇಲಿ ಊಟ ಮಾಡಿದ ಹಾಗಾಯ್ತು” ಎಂದು ಮುಖ ಗಂಟಿಕ್ಕಿಕೊಂಡಿದ್ದಳು. ಈ ಸಲದ ಚುನಾವಣೆ ಮೇ ತಿಂಗಳಲ್ಲಿ. ಜೂನ್ ಮುಗಿದರೆ ಆಕೆಗೆ ನಿವೃತ್ತಿ. ಹಾಸ್ಟೆಲಿನಲ್ಲಿ ಓಟು ಹಾಕಲು ಆಕೆಗೆ ಇನ್ನು ಉಳಿದಿರುವುದು ಇದೊಂದೇ ಸಲ.

ಆದರೆ ಹಾಸ್ಟೆಲಿನಲ್ಲಿ ಮತಗಟ್ಟೆ ಸುಮ್ಮನೆ ಬರುವುದಿಲ್ಲ. ಕಡೇಪಕ್ಷ ಐವತ್ತು ಮಂದಿ ಮತದಾರರು, ಚುನಾವಣೆಯ ದಿನ ನಾನು ಹಾಸ್ಟೆಲಿನಲ್ಲಿ ಇರುತ್ತೇನೆ ಎಂದು ಕುಲಪತಿಗಳಿಗೆ ಬರೆದುಕೊಡಬೇಕು. ಹಾಗಂತ ಕಾಯಿದೆ. ನಾನೂರು ಜನ ಇದ್ದ ಕಾಲದಲ್ಲಿ ಐವತ್ತು ಯಾವ ಲೆಕ್ಕ. ಈ ಸಲ ಎಡಗಡೆಯ ಕಟ್ಟಡದ ಕೊಳಾಯಿಗಳನ್ನು ರಿಪೇರಿಗೆಂದು ಕಿತ್ತು ಹಾಕಿದ್ದಾರೆ, ಉಳಿದಿರುವುದು ನೂರರವತ್ತು ಜನ. ಅವರೂ ಶುಕ್ರವಾರ ಮಧ್ಯಾಹ್ನ ಬಂತೆಂದರೆ ಖಾಲಿ ಜಾಡಿಗಳನ್ನು ಚೀಲದಲ್ಲಿ ಗಲಗಲ ಅನ್ನಿಸುತ್ತ ಊರಿಗೆ ಹೊರಡುವವರೇ. ಭಾನುವಾರ ಸಂಜೆ ಅವೇ ಜಾಡಿಗಳಲ್ಲಿ ಅಮ್ಮ ತುಂಬಿಕೊಟ್ಟ ಕೋಳಿ ಸಾರು, ಎಲೆಕೋಸಿನ ಪಲ್ಯ, ಕೊಬ್ಬಿನಲ್ಲಿ ಮುಳುಗಿಸಿದ ಮಾಂಸದ ತುಂಡು. ಅಮ್ಮನ ಜಾಡಿಯ ಎದುರು ದೇಶದ ಅಧ್ಯಕ್ಷ ಯಾರಾದರೇನು.

ಲೋನ್ಯಾ ಏಪ್ರಿಲ್‌ನಲ್ಲೇ ಸೊಂಟ ಕಟ್ಟಿ ನಿಂತಳು. ಕಿಟಕಿಯ ಕಟ್ಟೆಯ ಮೇಲೆ ಬಿಳಿ ಹಾಳೆ, ದಾರ ಕಟ್ಟಿದ ಪೆನ್ನು. ಕೋಣೆ ನಂಬರ್ ಆದ ಮೇಲೆ ಎರಡನೆಯ ಪ್ರಶ್ನೆ: “ಚುನಾವಣೆ ಭಾನುವಾರ ಇಲ್ಲಿರ್ತೀಯಾ?”

“ಅಮ್ಮನ ಊಟ ಬಿಟ್ಟು ಹೇಗಿರೋದು ಪಾನಿ ಲೋನ್ಯಾ?” ಎಂದವನು ಕಾಯೆತಾನ್. ನೂರಹದಿನೇಳರ ಹುಡುಗ, ಬಾತುಕೋಳಿಯವನು, ಪಶುವೈದ್ಯ ಓದುತ್ತಿದ್ದವನು.

“ಕೋಳಿ ಸಾರು ನಾನು ಮಾಡ್ತೀನಿ. ಶ್ಯಾವಿಗೆ ಹಾಕಿ.”

“ಅಯ್ಯೋ, ಇದನ್ನ ಚುನಾವಣಾ ಸಾಸೇಜ್ ಅಂತಾರೆ. ಓಟಿಗೆ ಲಂಚ.”

“ಸಾಸೇಜ್ ಯಾರು ಕೊಟ್ರು? ಸಾರು ಅಂದೆ. ಯಾರಿಗೆ ಹಾಕ್ತೀಯ ಅಂತ ಕೇಳಿದ್ನಾ? ನೀನು ನಿನ್ನ ಬಾತುಕೋಳಿಗೆ ಹಾಕು, ನನಗೇನು. ಇಲ್ಲಿ ಹಾಕು ಅಷ್ಟೇ.”

ಕಾಯೆತಾನ್ ನಗುತ್ತ ಬರೆದುಕೊಟ್ಟ. ಹೀಗೆ ಒಬ್ಬೊಬ್ಬರಾಗಿ ಬರೆದರು. ಬರೆಯದವರ ಕೀಲಿಕೈ ಹುಡುಕಲು ಲೋನ್ಯಾಳಿಗೆ ಆ ದಿನಗಳಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತಿತ್ತಂತೆ. ಮುನ್ನೂರ ಹದಿನಾಲ್ಕರ ಪಾಲಿನಾ ಪೆನ್ನು ಹಿಡಿದು ಒಂದು ಗಳಿಗೆ ಆಕೆಯ ಮುಖ ನೋಡಿದಳು. ತೆಳ್ಳಗಿನ ಹುಡುಗಿ, ಮಾತು ಕಡಿಮೆ, ಐದು ವರ್ಷದಲ್ಲಿ ಒಂದು ಪಾಪವನ್ನೂ ಮಾಡದೆ ಲೋನ್ಯಾಳ ಲೆಕ್ಕ ತಪ್ಪಿಸಿದವಳು. ಏನೋ ಹೇಳಲು ಹೊರಟು, ಸುಮ್ಮನಾಗಿ, ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. ಅವಳ ಕೋಣೆಯ ಗೆಳತಿ ಸೊಲೊಮಿಯಾಳೂ ಅವಳನ್ನು ನೋಡಿ ಬರೆದಳು. ಚುನಾವಣೆಗೆ ಇನ್ನೂ ಒಂದು ತಿಂಗಳಿರುವಾಗ, ಒಂದು ಗುರುವಾರದ ಹೊತ್ತಿಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಐವತ್ತೆಂಟು ಕಾಗದ. ಸೋಮವಾರ ಮಧ್ಯಾಹ್ನ ಮೂರರೊಳಗೆ ಕುಲಪತಿಗಳ ಕಚೇರಿಗೆ ಮುಟ್ಟಿಸಿದರೆ ಮುಗಿಯಿತು.

ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೂ ಹುರುಪು ಬಂದುಬಿಟ್ಟಿತು. ಯುವಕರು ಓಟು ಹಾಕುವುದಿಲ್ಲ ಎಂದು ಪೇಪರಿನವರು ಬರೆದದ್ದಕ್ಕೋ ಏನೋ, ಎಲ್ಲ ಕಡೆ ಪೋಸ್ಟರು, ದೊಡ್ಡ ಸಭಾಂಗಣದಲ್ಲಿ ಚರ್ಚೆ, ಕಾನೂನು ಓದುವವರು ಮೇಜು ಹಾಕಿಕೊಂಡು ಹೋಗಿಬರುವವರಿಗೆಲ್ಲ ಓಟಿನ ಪಾಠ. ಗುರುವಾರ ಸಂಜೆ ಕುಲಪತಿಗಳು ಇವೆಲ್ಲಕ್ಕೂ ಕಿರೀಟವಿಟ್ಟರು: ವಿದ್ಯಾರ್ಥಿಗಳು ತಮ್ಮ ತಮ್ಮ ಊರಿಗೆ ಹೋಗಿ ಮತ ಹಾಕಲು ಅನುಕೂಲವಾಗಲೆಂದು ಚುನಾವಣೆಯ ಹಿಂದಿನ ಶುಕ್ರವಾರ, ಮುಂದಿನ ಸೋಮವಾರ ಎರಡೂ ದಿನ ರಜೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಪಾಪ. ಹಾಸ್ಟೆಲಿನ ಕಿಟಕಿಯೊಂದರಲ್ಲಿ ಅದನ್ನು ಓದಿದ ಹೆಂಗಸು ಬಿಸ್ಕತ್ತಿನ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡದ್ದು ಅವರಿಗೆ ಹೇಗೆ ಗೊತ್ತಾಗಬೇಕು. ಓಟು ಹಾಕಿ ಎಂದು ಹೇಳಿ ಮತಗಟ್ಟೆಯನ್ನೇ ಖಾಲಿ ಮಾಡುವ ಬುದ್ಧಿ ತುಂಬ ಓದಿದವರಿಗೆ ಮಾತ್ರ ಬರುತ್ತದೆ.

ಶುಕ್ರವಾರ ಬೆಳಿಗ್ಗೆ ಮೊದಲು ಬಂದವನು ಕಾಯೆತಾನ್. ಕಿಟಕಿಯ ಮುಂದೆ ನಿಂತು ಶೂ ನೋಡಿಕೊಂಡ.

“ಹೇಳು.”

“ನಾಲ್ಕು ದಿನ ರಜ ಸಿಕ್ಕೂ ಬರಲ್ಲ ಅಂದ್ರೆ ಅಮ್ಮ ಸುಮ್ನಿರ್ತಾಳಾ ಪಾನಿ ಲೋನ್ಯಾ? ನಿನ್ನೇನೇ ಫೋನ್ ಮಾಡಿ ಅತ್ತಳು. ಅಜ್ಜೀನೂ ಅತ್ತಳು.”

“ನಾಯಿ ಅಳಲಿಲ್ವಾ?”

“ನಾಯಿಗೆ ಇನ್ನೂ ಹೇಳಿಲ್ಲ.”

ಲೋನ್ಯಾ ಡಬ್ಬಿ ತೆಗೆದು ಅವನ ಕಾಗದ ಹುಡುಕಿ ಕೈಗಿತ್ತಳು. ಬೈಯಬೇಕೆಂದುಕೊಂಡಿದ್ದಳು, ಆಗಲಿಲ್ಲ. ಅಮ್ಮನನ್ನು ನೋಡಲು ಹೋಗುತ್ತೇನೆ ಎಂದವನಿಗೆ ಏನೆಂದು ಬೈಯುವುದು. “ಅಲ್ಲಾದ್ರೂ ಮರೀದೆ ಹಾಕು. ರಜ ಮುಗಿಸಿ ಬರ್ತಾ ನನಗೂ ಒಂದು ಜಾಡಿ ತಾ” ಎಂದಳು. ಅವನಾದ ಮೇಲೆ ಇನ್ನೂ ಆರು ಮಂದಿ ಬಂದು ತಮ್ಮ ಕಾಗದ ಹಿಂದಕ್ಕೆ ತೆಗೆದುಕೊಂಡರು. ಆರನೆಯವಳು ಹೋದಮೇಲೆ ಲೋನ್ಯಾ ಬಾಗಿಲ ಕಡೆ ಯಾರೇ ಬಂದರೂ ಡಬ್ಬಿಯ ಮೇಲೆ ಕೈಯಿಟ್ಟು ಕೂರತೊಡಗಿದಳು. ಉಳಿದದ್ದು ಐವತ್ತೊಂದು. ಶನಿವಾರ, ಭಾನುವಾರ ಮನೆಯಲ್ಲಿ ಆಕೆಗೆ ಊಟ ಸೇರಲಿಲ್ಲ. “ಐವತ್ತೊಂದು ಸಾಕಲ್ವೇನೇ” ಎಂದು ವಿಟೋಲ್ಡ್ ಹೇಳಿದರೆ, “ನೀನು ಬಸ್ಸಿನವನು, ನಿಂತ್ಕೊಂಡು ಬರೋರನ್ನೂ ಲೆಕ್ಕ ಹಿಡೀತೀಯ” ಎಂದಳು.

ಸೋಮವಾರ ಆಕೆಯ ಪಾಳಿ ಇರಲಿಲ್ಲ. ಮೆರೂನ್ ಕೋಟು ತೊಟ್ಟು, ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿಟ್ಟು, ಟ್ರಾಲಿಬಸ್ಸು ಹತ್ತಿ ಊರ ಆ ತುದಿಗಿರುವ ಕುಲಪತಿಗಳ ಕಚೇರಿಗೆ ಹೋದಳು. ಗಂಟೆ ಎರಡಾಗಿತ್ತು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಆಕೆಯನ್ನು ಕಂಡವನೇ ಎದ್ದು ನಿಂತ.

“ಪಾನಿ ಲೋನ್ಯಾ!”

ಲೋನ್ಯಾ ಕಣ್ಣು ಕಿರಿದು ಮಾಡಿ ನೋಡಿದಳು. “ಇನ್ನೂರ ಎಂಟು. ಇಸ್ತ್ರಿ ಪೆಟ್ಟಿಗೆ ಮೇಲೆ ಮೀನು ಹುರಿದವನು.”

ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಗ್ರಾತ್ಸಿಯಾನ್ ಎಂಬ ಆ ನಲವತ್ತೈದರ ಮನುಷ್ಯನ ಕಿವಿ ಕೆಂಪಾಯಿತು. “ಒಂದೇ ಸಲ” ಎಂದ ಮೆಲ್ಲಗೆ. “ಆ ಇಸ್ತ್ರಿ ಇನ್ನೂ ಮೀನು ನಾರುತ್ತೆ” ಎಂದು ಲೋನ್ಯಾ ಡಬ್ಬಿಯನ್ನು ಅವನ ಮುಂದಿಟ್ಟಳು.

ಅವನು ಒಂದೊಂದೇ ಕಾಗದ ತೆಗೆದು ಕಂಪ್ಯೂಟರ್ ಪರದೆಯ ಮೇಲಿನ ಹೆಸರುಗಳೊಂದಿಗೆ ತಾಳೆ ನೋಡಿದ. ಲೋನ್ಯಾ ಅವನ ಬೆರಳನ್ನೇ ನೋಡುತ್ತ ಕೂತಳು. ಎರಡು ಕಾಗದ ಬೇರೆ ಇಟ್ಟ.

“ಮುನ್ನೂರ ಹದಿನಾಲ್ಕರ ಈ ಇಬ್ಬರು ನಮ್ಮವರಾ ಪಾನಿ ಲೋನ್ಯಾ?”

“ಐದು ವರ್ಷದಿಂದ ನಮ್ಮವರೇ. ಯಾಕೆ?”

“ನಮ್ಮವರು ಸರಿ. ಓಟು ಇರೋರಾ ಅಂತ ಕೇಳಿದ್ದು. ಪಾಲಿನಾ ಗ್ರೊದ್ನೊದವಳು, ಇನ್ನೊಬ್ಬಳು ಲ್ವಿವ್‌ನವಳು. ಗಡಿ ಆಚೆಯವರು. ಇಲ್ಲಿ ಓಟಿಲ್ಲ.”

ಲೋನ್ಯಾ ಆ ಎರಡು ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಪಾಲಿನಾ ಬೆಲಾರುಸಿನವಳೆಂದು ಆಕೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಂದ ವರ್ಷ ಆ ಹುಡುಗಿ ತಪ್ಪು ತಪ್ಪಾಗಿ ಪೋಲಿಷ್ ಮಾತಾಡುವಾಗ ತಿದ್ದಿದವಳೇ ಈಕೆ. ಆದರೆ ಐದು ವರ್ಷ ದಿನಾ ಕೀಲಿಕೈ ಕೊಟ್ಟು ತೆಗೆದುಕೊಂಡ ಮೇಲೆ ಆಕೆಯ ತಲೆಯಲ್ಲಿ ಉಳಿದದ್ದು ಮುನ್ನೂರ ಹದಿನಾಲ್ಕು ಎಂಬ ಊರು ಮಾತ್ರ. ಆ ಹುಡುಗಿ ಪೆನ್ನು ಹಿಡಿದು ಯಾಕೆ ತನ್ನ ಮುಖ ನೋಡಿದಳೆಂದು ಈಗ ಹೊಳೆಯಿತು.

“ಹಾಗಾದ್ರೆ ನಲವತ್ತೊಂಬತ್ತು” ಎಂದ ಗ್ರಾತ್ಸಿಯಾನ್.

“ಒಂದು ತಾನೇ ಕಡಿಮೆ. ನೀನು ಸ್ವಲ್ಪ ಕಣ್ಣು ಮುಚ್ಚಿಕೋ. ಅವತ್ತು ಮೀನಿನ ವಿಷಯದಲ್ಲಿ ನಾನು ಮುಚ್ಚಿಕೊಳ್ಳಲಿಲ್ವಾ?”

“ಮೀನಿಗೆ ಕಾಯಿದೆ ಇರಲಿಲ್ಲ ಪಾನಿ ಲೋನ್ಯಾ. ಇದಕ್ಕಿದೆ.”

ಗಂಟೆ ಎರಡೂ ಇಪ್ಪತ್ತೈದು. ಹಾಸ್ಟೆಲಿಗೆ ಹೋಗಿ ಬರಲು ಒಂದು ಗಂಟೆ ಬೇಕು. ಬರೆಯುವವರು ತಮ್ಮ ಕೈಯಾರೆ ಬರೆಯಬೇಕು, ಆ ಹೊತ್ತಿನಲ್ಲಿ ಎಲ್ಲರೂ ತರಗತಿಯಲ್ಲಿ. ಲೋನ್ಯಾ ಡಬ್ಬಿಯ ಮುಚ್ಚಳ ಹಾಕಿ ತೆಗೆದಳು, ಹಾಕಿ ತೆಗೆದಳು. ಕಿತ್ತಳೆ ಹೂವಿನ ಪರದೆಗಳನ್ನು ನಿನ್ನೆಯೇ ಒಗೆದು ಇಸ್ತ್ರಿ ಮಾಡಿಟ್ಟಿದ್ದು ನೆನಪಾಗಿ ಕಣ್ಣು ತುಂಬಿತು. ಅಳುವುದು ಕಂಡರೆ ನಾಚಿಕೆಯೆಂದು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು.

“ಆ ಭಾನುವಾರ ನಿಮ್ಮ ಪಾಳಿ ಇದೆಯಾ?” ಎಂದು ಗ್ರಾತ್ಸಿಯಾನ್ ಕೇಳಿದ.

“ಇಲ್ದೆ? ಬೆಳಿಗ್ಗೆ ಐದರಿಂದ. ನಾನಿಲ್ದೆ ಬಾಗಿಲು ಯಾರು ತೆಗೀತಾರೆ?”

“ನಿಮಗೆ ಓಟಿದೆಯಲ್ಲ.”

“ನನ್ನ ಓಟಿಗೇನಾಗಿದೆ? ಪೌರಸಭೆಯ ಚೀಟಿ ತಂದು ಎಲ್ಲಾದ್ರೂ ಹಾಕ್ತೀನಿ ಬಿಡು, ಶಾಲೇಲಿ.”

“ಹಾಗಲ್ಲ, ಕೂತ್ಕೊಳ್ಳಿ. ಆ ದಿನ ಹಾಸ್ಟೆಲಿನಲ್ಲಿ ಇರ್ತೀರಿ, ಓಟಿದೆ. ಮತ್ತೆ ನೀವ್ಯಾಕೆ ಬರೆದಿಲ್ಲ?”

ಲೋನ್ಯಾ ಅವನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. “ಇದು ಮಕ್ಕಳು ಬರೆಯೋದು. ನಾನು ಅಲ್ಲಿ ಕೆಲಸ ಮಾಡ್ತೀನಪ್ಪ, ವಾಸ ಮಾಡಲ್ಲ.”

ಗ್ರಾತ್ಸಿಯಾನ್ ಕಾಯಿದೆಯ ಪುಸ್ತಕ ತೆಗೆದು ಆಕೆಯ ಕಡೆ ತಿರುಗಿಸಿ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲಿ ವಿದ್ಯಾರ್ಥಿ ಅಂತ ಇಲ್ಲ, ನೋಡಿ. ವಾಸ ಅಂತಾನೂ ಇಲ್ಲ. ಮತದಾರರು, ಆ ದಿನ ಅಲ್ಲಿರುವವರು. ಅಷ್ಟೇ ಕೇಳುತ್ತೆ.”

ಲೋನ್ಯಾ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದಳು. ಮೂವತ್ತೊಂದು ವರ್ಷದಿಂದ ನೂರಾರು ಮಕ್ಕಳ ಕೈಯಲ್ಲಿ ಅದನ್ನೇ ಬರೆಸಿದ್ದಳು. ಬರೆಸುವ ಕಿಟಕಿಯ ಈಚೆ ಕೂತವಳೂ ಹಾಸ್ಟೆಲಿನಲ್ಲೇ ಇದ್ದಾಳೆಂದು ಒಂದು ಸಲವೂ ತೋಚಿರಲಿಲ್ಲ. ಗ್ರಾತ್ಸಿಯಾನ್ ಕೊಟ್ಟ ಹಾಳೆಯ ಮೇಲೆ ನಿಧಾನವಾಗಿ ಬರೆದಳು: ಚುನಾವಣೆಯ ದಿನ ಭಾನುವಾರ ನಾನು ಏಳನೇ ನಂಬರ್ ಹಾಸ್ಟೆಲಿನಲ್ಲಿ ಇರುತ್ತೇನೆ. ‘ಇರುತ್ತೇನೆ’ ಸ್ವಲ್ಪ ಸೊಟ್ಟಗಾಯಿತು. ಸಹಿ ಹಾಕಿದಳು.

ಗ್ರಾತ್ಸಿಯಾನ್ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಇಪ್ಪತ್ತೈದು ವರ್ಷದಿಂದ ಕಾದಿದ್ದವನ ಹಾಗೆ ಕೇಳಿದ: “ಕೋಣೆ ನಂಬರ್?”

ಲೋನ್ಯಾ ನಕ್ಕುಬಿಟ್ಟಳು. ನಗುತ್ತ ನಗುತ್ತ ಅತ್ತಳು. ಪಕ್ಕದ ಮೇಜಿನವರು ನೀರು ತಂದುಕೊಟ್ಟರು. “ಕಿಟಕಿ ಅಂತ ಬರಿ” ಎಂದಳು. ಅವನು ಹಾಗೇ ಬರೆದುಕೊಂಡ. ಹಾಸ್ಟೆಲಿನವರ ಜೊತೆ ಆಕೆಯನ್ನೂ ಪಟ್ಟಿಗೆ ಸೇರಿಸುವ ಅರ್ಜಿಯನ್ನು ಅಲ್ಲೇ ತುಂಬಿಸಿಕೊಟ್ಟ. ಈ ಸಲ ಪೌರಸಭೆಯ ಚೀಟಿ ಬೇಡವಂತೆ.

ಮನೆಗೆ ಬಂದು ಹೇಳಿದಾಗ ವಿಟೋಲ್ಡ್ ಪೇಪರಿನಿಂದ ತಲೆಯೆತ್ತಲಿಲ್ಲ. “ಕೊನೆಗೂ ಬರೆದುಕೊಟ್ಯಾ” ಎಂದ. “ನಾನು ಮೂವತ್ತೊಂದು ವರ್ಷದಿಂದ ಬಾಯಲ್ಲಿ ಹೇಳ್ತಾ ಇದ್ದೆ.” ಲೋನ್ಯಾ ಸಿಡುಕಲಿಲ್ಲ. ಅವನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಬಡಿಸಿದಳು.

ಆ ಭಾನುವಾರ ನಾಲ್ಕು ದಿನದ ರಜೆಯಲ್ಲಿ ಹಾಸ್ಟೆಲು ಬಿಕೋ ಎನ್ನುತ್ತಿತ್ತು. ಮಾತು ಕೊಟ್ಟ ಐವತ್ತರಲ್ಲಿ ಎಷ್ಟು ಮಂದಿ ಉಳಿದಿದ್ದರೋ ಲೋನ್ಯಾ ಎಣಿಸಲು ಹೋಗಲಿಲ್ಲ. ಮತಗಟ್ಟೆ ಇತ್ತು, ಅಷ್ಟು ಸಾಕು. ಪರದೆ ಕಟ್ಟಿ, ಹದ್ದಿನ ಧೂಳು ಒರೆಸಿ, ಮಹಡಿಯ ಅಡಿಗೆಮನೆಯಲ್ಲಿ ಕೋಳಿ ಸಾರಿನ ದೊಡ್ಡ ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟು ಬಂದಿದ್ದಳು. ಏಳಕ್ಕೆ ಐದು ನಿಮಿಷವಿರುವಾಗ ಪಾಲಿನಾ ಕೆಳಗಿಳಿದು ಬಂದಳು, ಕೂದಲು ಇನ್ನೂ ಒದ್ದೆ.

ಲೋನ್ಯಾ ಮುಖ ತಗ್ಗಿಸಿದಳು. “ಅವತ್ತೇ ಹೇಳಬಾರದಿತ್ತಾ ಮಗಳೇ, ನನಗೆ ಓಟಿಲ್ಲ ಅಂತ?”

“ನೀವು ಓಟಿದೆಯಾ ಅಂತ ಕೇಳಲಿಲ್ಲ ಪಾನಿ ಲೋನ್ಯಾ. ಭಾನುವಾರ ಇಲ್ಲಿರ್ತೀಯಾ ಅಂದ್ರಿ. ಇದ್ದೀನಲ್ಲ.” ಪಾಲಿನಾ ಪಕ್ಕದ ಸಣ್ಣ ಬಾಗಿಲು ತೆಗೆದು ಕಿಟಕಿಯ ಒಳಗೆ ಬಂದಳು. “ನೀವು ಹೋಗಿ. ಕೀಲಿಕೈ ನಾನು ನೋಡ್ಕೋತೀನಿ. ಇಲ್ಲಾಂದ್ರೆ ಎರಡೂ ಕಡೆ ಹೇಗಿರ್ತೀರಿ?”

ಹಿಂದಿನ ಚುನಾವಣೆಗಳಲ್ಲೆಲ್ಲ ಲೋನ್ಯಾ ಕಿಟಕಿಗೆ ‘ಈಗ ಬರುತ್ತೇನೆ’ ಎಂಬ ಹಲಗೆ ತಗುಲಿಸಿ, ಓಡಿಹೋಗಿ ಓಟು ಹಾಕಿ ಓಡಿಬರುತ್ತಿದ್ದಳು. ಇವತ್ತು ಹಲಗೆ ತಗುಲಿಸಲಿಲ್ಲ. ತನ್ನ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ಒಂದು ಸಲ ತಿರುಗಿ ನೋಡಿ, ಮೆರೂನ್ ಕೋಟಿನ ಅಂಚು ಎಳೆದುಕೊಂಡು ಟೀವಿ ಕೋಣೆಗೆ ನಡೆದಳು. ಆಕೆಯ ಹಿಂದೆ ನಿದ್ದೆಗಣ್ಣಿನ ಐದಾರು ಹುಡುಗರು.

ಹಸಿರು ಬಟ್ಟೆಯ ಹಿಂದೆ ಕೂತ ಸಮಿತಿಯ ಹೆಂಗಸು ಗುರುತಿನ ಕಾರ್ಡು ತೆಗೆದುಕೊಂಡು, ಪಟ್ಟಿಯ ಮೇಲೆ ಅಡಿಕೋಲಿಟ್ಟು ಕೆಳಕ್ಕೆ ಸರಿಸತೊಡಗಿದಳು.

“ಕೊನೇ ಹಾಳೆ ನೋಡಿ” ಎಂದಳು ಲೋನ್ಯಾ, ಅಭ್ಯಾಸಬಲದಿಂದ.

“ಯಾಕೆ? ಇಲ್ಲೇ ಇದ್ದೀರಲ್ಲ.”

ಅಡಿಕೋಲು ನಡುವಿನ ಹಾಳೆಯೊಂದರ ಮೇಲೆ ನಿಂತಿತ್ತು. ಮೇಲೆ ರುಸೆಕ್, ಇನ್ನೂರ ಹನ್ನೊಂದು, ಗಿಟಾರಿನವನು. ಕೆಳಗೆ ಸಿಡೋರ್, ನೂರ ನಾಲ್ಕು, ಬೆಕ್ಕನ್ನು ಬೀರುವಿನಲ್ಲಿ ಬಚ್ಚಿಟ್ಟವಳು. ಇಬ್ಬರ ಮಧ್ಯೆ ಅಚ್ಚಾದ ಅಕ್ಷರದಲ್ಲಿ ಸಾವ್ಚುಕ್ ಲೊಂಗಿನಾ. ಆಕೆ ಬೆರಳಿನಿಂದ ಒಂದು ಸಲ ಮುಟ್ಟಿ ನೋಡಿ, ಅದರ ಮುಂದೆ ಸಹಿ ಹಾಕಿದಳು. ಕಿತ್ತಳೆ ಹೂವಿನ ಪರದೆಯ ಹಿಂದೆ ಹೋಗಿ ಗುರುತು ಮಾಡಿ ಬಂದು, ಕಾಗದವನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಮೊದಲನೆಯ ಓಟು ತಳ ಮುಟ್ಟಿದ ಸದ್ದು ಕೇಳಿಸಿತು.

ವಾಪಸು ಬಂದಾಗ ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಪಾಲಿನಾ ಕೀಲಿಕೈಗಳ ಹಲಗೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದಳು. ಲೋನ್ಯಾ ಗಾಜಿನ ಆಚೆ ಕಡೆ, ಮಕ್ಕಳು ನಿಲ್ಲುವ ಜಾಗದಲ್ಲಿ, ಕಟ್ಟೆಯ ಮೇಲೆ ಮೊಣಕೈ ಊರಿ ನಿಂತಳು. ಮೂವತ್ತೊಂದು ವರ್ಷದಲ್ಲಿ ಅಲ್ಲಿಂದ ಆ ಕಿಟಕಿ ಹೇಗೆ ಕಾಣುತ್ತದೆಂದು ನಿಂತು ನೋಡಿದ್ದು ಅದೇ ಮೊದಲು. ಪಾಲಿನಾ ಎದ್ದು ಜಾಗ ಬಿಡಲು ಹೊರಟಳು.

“ಕೂತಿರು, ಕೂತಿರು” ಎಂದಳು ಲೋನ್ಯಾ. “ನನಗೇನು ಅವಸರ. ನಾನು ಇಲ್ಲಿಯವಳೇ.”